ಕಾರಿಗೂ ಹಾಡಿಗೂ ಒಂದೇ ಕರೆಂಟು: ಮಲೆನಾಡಿನ ಮನೆಗೊಂದು ಮಾರ್ಗದರ್ಶಿ

ನಮ್ಮ ಮನೆ ಇರುವುದು ಆಲ್ದೂರಿನ ಹತ್ತಿರ. ಕೆಲಸ ಚಿಕ್ಕಮಗಳೂರು ಪೇಟೆಯಲ್ಲಿ. ಹೋಗಿ ಬರುವುದಕ್ಕೆ ದಿನಕ್ಕೆ ಸುಮಾರು 40 ಕಿಲೋಮೀಟರ್. ಮೂರು ವರ್ಷದ ಹಿಂದೆ ಒಂದು ಚಿಕ್ಕ ಎಲೆಕ್ಟ್ರಿಕ್ ಕಾರು ತಂದೆವು. ಅದಕ್ಕೂ ಬಹಳ ಮುಂಚಿನಿಂದ ಮನೆಯಲ್ಲಿ ಒಂದು ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್ ಇವೆ. ಸಂಜೆ ಮನೆಗೆ ಬಂದು ಒಂದು ಗಂಟೆ ಹಾಡು ಕೇಳದಿದ್ದರೆ ನನಗೆ ದಿನ ಮುಗಿದ ಹಾಗೆ ಅನ್ನಿಸುವುದಿಲ್ಲ.

ಕಾರು ಬಂದ ಮೊದಲ ರಾತ್ರಿ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿ ಒಳಗೆ ಬಂದೆ. ಆಂಪ್ಲಿಫೈಯರ್ ಆನ್ ಮಾಡಿದರೆ ಸ್ಪೀಕರಿನಿಂದ 'ಗುಂಯ್' ಅಂತ ಸದ್ದು. ಹಿಂದಿನ ದಿನದವರೆಗೂ ಅದು ಇರಲಿಲ್ಲ. ಬೆಳಿಗ್ಗೆ ಪ್ಲಗ್ ತೆಗೆಯಲು ಹೋದೆ. ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕೈ ಸುಡುವ ಬಿಸಿ. ಕಾರಿನಲ್ಲೂ ತಪ್ಪಿರಲಿಲ್ಲ, ಆಂಪ್ಲಿಫೈಯರಿನಲ್ಲೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಗೋಡೆಯೊಳಗೆ ಮತ್ತು ನೆಲದೊಳಗೆ.

ಆ ಮೇಲೆ ಮನೆಯ ವೈರಿಂಗ್ ಸರಿಪಡಿಸಿದ್ದು, ಕಾರಿಗೆ ಬೇರೆ ಲೈನ್ ಎಳೆಸಿದ್ದು, ಕೋಣೆಯಲ್ಲಿ ಸ್ಪೀಕರ್ ಜಾಗ ಬದಲಿಸಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಯಾವ ಕಾರು, ಯಾವ ಸ್ಪೀಕರ್ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಮಾತು ಕೇಳಿದರೆ ಅದನ್ನು ಸ್ವಲ್ಪ ಹಿಂದಕ್ಕೆ ಹಾಕಿ. ಮೊದಲ ದುಡ್ಡು ಅರ್ಥ್ ಪೈಪಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಪೈಪಿಗೆ ಹೋಗಲಿ.

ಮೊದಲ ಹೆಜ್ಜೆ: ಅರ್ಥಿಂಗ್ ಇದೆಯಾ, ನೋಡಿ

ಹಳೇ ಮನೆಗಳಲ್ಲಿ ಅರ್ಥಿಂಗ್ "ಇದೆ" ಅಂತ ಎಲ್ಲರೂ ಹೇಳುತ್ತಾರೆ. ಅಂಗಳದ ಮೂಲೆಯಲ್ಲಿ ಒಂದು ಪೈಪ್ ಕಾಣುತ್ತದೆ. ಆದರೆ ಅದಕ್ಕೆ ಕಟ್ಟಿದ ತಂತಿ ತುಕ್ಕು ಹಿಡಿದು ಎಂದೋ ತುಂಡಾಗಿರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಎಲೆಕ್ಟ್ರಿಷಿಯನ್ ಪೈಪಿನ ಬುಡ ಕೆದಕಿ, ತಂತಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. "ಸಾರ್, ಇದು ಸುಮ್ನೆ ನಿಂತಿದೆ ಅಷ್ಟೇ" ಅಂದ.

ಒಳ್ಳೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಎರಡು ಪರೀಕ್ಷೆ ಮಾಡಿಸಿ. ಒಂದು, ಮನೆಯಲ್ಲಿ ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆಯಂಥ ದೊಡ್ಡ ಲೋಡ್ ಹಾಕಿಟ್ಟು, ಸಾಕೆಟ್ಟಿನಲ್ಲಿ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡುವುದು. ಎರಡು ಮೂರು ವೋಲ್ಟ್ ಒಳಗೆ ಇದ್ದರೆ ಚಿಂತೆಯಿಲ್ಲ. ಹತ್ತು, ಹದಿನೈದು ತೋರಿಸಿದರೆ ಎಲ್ಲೋ ಜಾಯಿಂಟ್ ಸಡಿಲ ಇದೆ, ಇಲ್ಲವೇ ಅರ್ಥ್ ಕೆಟ್ಟಿದೆ. ಎರಡು, ಅರ್ಥ್ ಮೆಗ್ಗರ್ ಇಟ್ಟು ನೆಲದ ರೆಸಿಸ್ಟೆನ್ಸ್ ಅಳೆಯುವುದು. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಈ ಉಪಕರಣ ಎಲ್ಲರ ಹತ್ತಿರ ಇರುವುದಿಲ್ಲ. ಇರುವವರನ್ನೇ ಹುಡುಕಿ ಕರೆಸುವುದು ಮೇಲು.

ನಮ್ಮ ಕಡೆಯ ನೆಲಕ್ಕೆ ಒಂದು ಗುಣ ಇದೆ. ಮಳೆಗಾಲದಲ್ಲಿ ಒದ್ದೆ ಮಣ್ಣು, ಹಾಗಾಗಿ ಅರ್ಥ್ ಚೆನ್ನಾಗಿ ಹಿಡಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಣ್ಣು ಒಣಗಿ ಬಿರಿಯುತ್ತದೆ. ಅದೇ ಪೈಪು ಕೆಲಸ ಮಾಡುವುದಿಲ್ಲ. ಅದಕ್ಕೇ ಪರೀಕ್ಷೆಯನ್ನು ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಬೇಸಿಗೆಯಲ್ಲೇ ಮಾಡಿಸಿ. ಮಳೆಗಾಲದ ಅಳತೆ ನಂಬಬೇಡಿ. ಹೊಸದಾಗಿ ಹಾಕಿಸುವುದಾದರೆ ಎಂಟು ಹತ್ತು ಅಡಿ ಆಳಕ್ಕೆ ಹೋಗುವ ಪೈಪ್ ಇರಲಿ. ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೇ ಪದ್ಧತಿ. ಅದು ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು. ಕೆಮಿಕಲ್ ಅರ್ಥಿಂಗ್‌ಗೆ ಆ ಕೆಲಸ ಕಡಿಮೆ. ನಾನು ಬಚ್ಚಲಿನ ನೀರು ಹೋಗುವ ಕಡೆ ಪೈಪ್ ಹಾಕಿಸಿದೆ. ವರ್ಷವಿಡೀ ತೇವ ಇರುತ್ತದೆ.

ಅರ್ಥ್ ಇಲ್ಲದಿದ್ದರೆ ಏನಾಗುತ್ತದೆ? ಕಾರಿನ ಜೊತೆ ಬರುವ ಚಾರ್ಜರ್‌ಗಳಲ್ಲಿ ಹೆಚ್ಚಿನವು ಕೆಂಪು ದೀಪ ಹಾಕಿ ಚಾರ್ಜ್ ಮಾಡುವುದನ್ನೇ ನಿಲ್ಲಿಸುತ್ತವೆ. ಅದು ನಿಮ್ಮ ಜೀವ ಉಳಿಸಲು ಇರುವ ವ್ಯವಸ್ಥೆ. ಅದನ್ನು ಮೋಸ ಮಾಡಲು ನ್ಯೂಟ್ರಲ್‌ಗೂ ಅರ್ಥ್‌ಗೂ ಸಾಕೆಟ್ಟಿನಲ್ಲೇ ತಂತಿ ಸೇರಿಸಿಕೊಡುತ್ತೇನೆ ಅನ್ನುವವರು ಇದ್ದಾರೆ. ದಯವಿಟ್ಟು ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಕಾರಿನ ಇಡೀ ಲೋಹದ ಮೈಗೆ ಕರೆಂಟು ಬರುತ್ತದೆ. ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟುವುದು ಮನೆಯ ಮಕ್ಕಳೇ ಅಲ್ವಾ.

ಕಾರಿಗೆ ಬೇರೆಯೇ ಲೈನ್

ಕಾರಿನ ಜೊತೆ ಕೊಡುವ ಸಾಮಾನ್ಯ ಚಾರ್ಜರ್ 15 ಆಂಪಿಯರ್ ಪ್ಲಗ್ಗಿನದು. ಸುಮಾರು 3 ಕಿಲೋವಾಟ್ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದಲ್ಲ ಅನ್ನಬಹುದು. ಗೀಸರ್ ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ಕಾರು ಪೂರ್ತಿ ಖಾಲಿಯಾಗಿದ್ದರೆ ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ವ್ಯತ್ಯಾಸ ಇರುವುದು ಇಲ್ಲಿ. ನಮ್ಮ ಸಾಕೆಟ್ ಸುಟ್ಟಿದ್ದೂ ಇದರಿಂದಲೇ. ಒಳಗಿನ ಹಿತ್ತಾಳೆ ಸಡಿಲವಾಗಿತ್ತು. ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ ಅದು ತಾಳಿಕೊಂಡಿತ್ತು. ಕಾರಿಗೆ ತಾಳಲಿಲ್ಲ.

ವೈರಿನ ದಪ್ಪ ಹೇಗೆ ಲೆಕ್ಕಕ್ಕೆ ಬರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಮೇನ್ ಬೋರ್ಡಿನಿಂದ ನಮ್ಮ ಶೆಡ್ 30 ಮೀಟರ್ ದೂರ. ಅಲ್ಲಿಗೆ 1.5 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್ ಎಳೆದು 14 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 10 ವೋಲ್ಟ್ ಹೋಗುತ್ತದೆ. ಅಂದರೆ ರಾತ್ರಿಯಿಡೀ 140 ವಾಟ್ ಶಾಖ ಗೋಡೆಯೊಳಗೆ ಹುಟ್ಟುತ್ತಿರುತ್ತದೆ. ಅದೇ 4 ಸ್ಕ್ವೇರ್ ವೈರ್ ಆದರೆ 4 ವೋಲ್ಟ್, 55 ವಾಟ್. ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಕಡಿಮೆ ಇರುವ ನಮ್ಮ ಊರುಗಳಲ್ಲಿ ಈ ಆರು ವೋಲ್ಟ್ ಚಿಕ್ಕದಲ್ಲ.

ಹೀಗೆ ಮಾಡಿಸಿ. ಮೇನ್ ಬೋರ್ಡಿನಿಂದ ಶೆಡ್ಡಿಗೆ 4 ಸ್ಕ್ವೇರ್ ತಾಮ್ರದ ವೈರ್, ಜೊತೆಗೆ ಅರ್ಥ್ ವೈರ್, ಪೈಪಿನೊಳಗೆ. ನಡುವೆ ಎಲ್ಲೂ ಜಾಯಿಂಟ್ ಬೇಡ. ಆ ಲೈನಿಗೆ ಬೇರೆಯೇ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್. ಜೊತೆಗೆ, ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅದು 'ಎ ಟೈಪ್' ಆಗಿರಲಿ. ಅಂಗಡಿಯಲ್ಲಿ ಕೇಳದೇ ಇದ್ದರೆ ಸಾಮಾನ್ಯವಾಗಿ 'ಎಸಿ ಟೈಪ್' ಕೊಡುತ್ತಾರೆ. ಎಲೆಕ್ಟ್ರಾನಿಕ್ ಚಾರ್ಜರಿನ ಲೀಕೇಜನ್ನು ಅದು ಸರಿಯಾಗಿ ಗುರುತಿಸದೇ ಇರಬಹುದು. ಸಾಕೆಟ್ ಒಳ್ಳೆ ಕಂಪನಿಯ 16 ಆಂಪಿಯರಿನದು, ಮಳೆ ಎರಚಲು ಬೀಳದ ಹಾಗೆ ಮುಚ್ಚಳ ಇರುವ ಡಬ್ಬಿಯಲ್ಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಕಾರು ಚಾರ್ಜ್ ಮಾಡುವುದು ಒಂದು ದಿನಕ್ಕೂ ಬೇಡ.

ಹೊಸ ಲೈನ್ ಆದ ಮೇಲೆ ಮೊದಲ ವಾರ ಒಂದು ಕೆಲಸ ಮಾಡಿ. ಚಾರ್ಜಿಂಗ್ ಶುರುವಾಗಿ ಒಂದು ಗಂಟೆ ಆದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿ, ಸ್ಕ್ರೂ ಬಿಗಿ ಮಾಡಿಸಿ. ನನಗೆ ಅರ್ಥಿಂಗ್, ವೈರ್, ಕೂಲಿ ಎಲ್ಲ ಸೇರಿ 14 ಸಾವಿರ ರೂಪಾಯಿ ಆಯಿತು.

7 ಕಿಲೋವಾಟ್ ಗೋಡೆ ಚಾರ್ಜರ್ ಬೇಕಾ ಅಂತ ಕೇಳುತ್ತಾರೆ. ದಿನಕ್ಕೆ 40, 50 ಕಿಲೋಮೀಟರ್ ಓಡಿಸುವವರಿಗೆ ಬೇಡ. ಅದಕ್ಕೆ 32 ಆಂಪಿಯರ್, 6 ಸ್ಕ್ವೇರ್ ವೈರ್, ಜಾಸ್ತಿ ಲೋಡ್ ಮಂಜೂರು ಎಲ್ಲ ಬೇಕು. ಆ ದುಡ್ಡು ಉಳಿದರೆ ಒಂದು ಒಳ್ಳೆಯ ಆಂಪ್ಲಿಫೈಯರ್ ಬರುತ್ತದೆ!

ಮೀಟರ್, ಲೋಡ್, ಗೃಹಜ್ಯೋತಿ

ಕರೆಂಟ್ ಬಿಲ್ ತೆಗೆದು ನೋಡಿ. ಅದರಲ್ಲಿ ಆರ್‌ಆರ್ ನಂಬರಿನ ಜೊತೆ ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಹಳೇ ಮನೆಗಳಲ್ಲಿ 1 ಅಥವಾ 2 ಕಿಲೋವಾಟ್ ಇರುವುದು ಸಾಮಾನ್ಯ. ಕಾರು ಒಂದೇ 3 ಕಿಲೋವಾಟ್. ಹಾಗಾಗಿ ಸೆಕ್ಷನ್ ಆಫೀಸಿಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಿ. ಚಿಕ್ಕಮಗಳೂರು ಜಿಲ್ಲೆಯವರಿಗೆ ಮೆಸ್ಕಾಂ, ಹಾಸನದವರಿಗೆ ಸೆಸ್ಕ್. ತಿಂಗಳ ನಿಗದಿತ ಶುಲ್ಕ ಲೋಡಿನ ಮೇಲೆ ಇರುವುದರಿಂದ ಅದು ಸ್ವಲ್ಪ ಏರುತ್ತದೆ. ಕಾರಿಗೆ ಬೇರೆ ಮೀಟರ್ ಪಡೆಯುವ ಬಗ್ಗೆಯೂ ಆಗಲೇ ಕೇಳಿಕೊಂಡು ಬನ್ನಿ.

ಬಹಳ ಜನ ಗಮನಿಸದ ವಿಷಯ ಗೃಹಜ್ಯೋತಿ. 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಈ ಉಚಿತ ಕರೆಂಟ್ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಈಗ ಕಾರಿನ ಲೆಕ್ಕ ನೋಡಿ. ತಿಂಗಳಿಗೆ 1,000 ಕಿಲೋಮೀಟರ್. ಚಿಕ್ಕ ಕಾರು ಯೂನಿಟ್ಟಿಗೆ 8 ಕಿಲೋಮೀಟರ್ ಕೊಟ್ಟರೆ 125 ಯೂನಿಟ್. ಚಾರ್ಜ್ ಮಾಡುವಾಗ ಆಗುವ ನಷ್ಟ ಸೇರಿಸಿದರೆ 140. ಮನೆಯ ಬಳಕೆ 70 ಇದ್ದರೆ ಒಟ್ಟು 210. ಹತ್ತು ಯೂನಿಟ್‌ನಿಂದ ಇಡೀ ಬಿಲ್ ನಿಮ್ಮ ಮೇಲೆ ಬೀಳುತ್ತದೆ. ಇನ್ನೂ ಒಂದು ಇದೆ. ಉಚಿತ ಸಿಗುವುದು ನಿಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ. 200ರ ಒಳಗೆ ಇದ್ದರೂ ಆ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕೊಡಲೇಬೇಕು.

ಹಾಗಂತ ನಷ್ಟ ಅಂದುಕೊಳ್ಳಬೇಡಿ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ ಕಾರಿಗೆ ತಿಂಗಳಿಗೆ 840 ರೂಪಾಯಿ. ಲೀಟರಿಗೆ 18 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಾಗಿದ್ದರೆ ಅದೇ ದೂರಕ್ಕೆ 55 ಲೀಟರ್, ಐದೂವರೆ ಸಾವಿರದ ಮೇಲೆ. ಉಚಿತ ಕರೆಂಟ್ ಕಳೆದುಕೊಂಡರೂ ಕೈಯಲ್ಲಿ ಉಳಿಯುತ್ತದೆ. ಲೆಕ್ಕ ಮೊದಲೇ ಗೊತ್ತಿದ್ದರೆ ಮೊದಲ ಬಿಲ್ ನೋಡಿ ಮನೆಯವರು ಗಾಬರಿ ಆಗುವುದಿಲ್ಲ.

ಚಾವಣಿ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ, ಕೇಂದ್ರದ 2024ರ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲು ಕಾಣುವುದೇ ಕಷ್ಟ. ಆ ತಿಂಗಳುಗಳನ್ನು ಲೆಕ್ಕದಿಂದ ಬಿಟ್ಟೇ ಯೋಚಿಸಿ.

ಕಾರು ಆರಿಸುವಾಗ ನಿಮ್ಮ ದಾರಿಯನ್ನೇ ಅಳತೆಗೋಲು ಮಾಡಿ

ಬೆಂಗಳೂರಿನಲ್ಲಿ ತಯಾರಾದ ಪುಟ್ಟ ರೇವಾ ರಸ್ತೆಗೆ ಬಂದದ್ದು 2001ರಲ್ಲಿ. ಆಗ ಅದನ್ನು ನೋಡಿ ಆಸೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದು ಪೇಟೆಯೊಳಗೆ ಓಡುವ ಕಾರು. ನಮ್ಮ ಗುಡ್ಡಗಳಿಗೆ ಒಗ್ಗುವ, ಮಧ್ಯಮ ವರ್ಗದ ಮನೆಗೆ ಸಿಗುವ ಎಲೆಕ್ಟ್ರಿಕ್ ಕಾರುಗಳು ಬಂದದ್ದು ಈಚೆಗೆ. ಟಾಟಾ ನೆಕ್ಸಾನ್ ಇವಿ 2020ರಲ್ಲಿ, ಟಿಯಾಗೋ ಇವಿ 2022ರಲ್ಲಿ, ಎಂಜಿ ಕಾಮೆಟ್ 2023ರಲ್ಲಿ, ಪಂಚ್ ಇವಿ 2024ರಲ್ಲಿ ಬಂದವು. ಕಾಮೆಟ್ ಬ್ಯಾಟರಿ 17.3 ಯೂನಿಟ್ಟಿನದು (ಕಂಪನಿಯವರು ಯೂನಿಟ್ಟನ್ನೇ ಕಿಲೋವಾಟ್-ಅವರ್ ಅನ್ನುತ್ತಾರೆ). ಟಿಯಾಗೋ 19.2 ಮತ್ತು 24 ಯೂನಿಟ್ಟಿನಲ್ಲಿ ಬಂತು. ಪಂಚ್ 25 ಮತ್ತು 35ರಲ್ಲಿ.

ಕಂಪನಿ ಹೇಳುವ ದೂರದಲ್ಲಿ ಮೂರರಲ್ಲಿ ಎರಡು ಪಾಲನ್ನು ಮಾತ್ರ ನಿಮ್ಮದು ಅಂದುಕೊಳ್ಳಿ. ಅದರಲ್ಲೂ ಕಾಲು ಭಾಗ ಯಾವಾಗಲೂ ಉಳಿಸಿಕೊಳ್ಳಿ. ಉಳಿದದ್ದು ನಿಮ್ಮ ದಿನದ ಓಡಾಟಕ್ಕಿಂತ ಎರಡು ಪಟ್ಟು ಇದ್ದರೆ ಆ ಬ್ಯಾಟರಿ ಸಾಕು. ನನ್ನ 40 ಕಿಲೋಮೀಟರಿಗೆ ಅತಿ ಚಿಕ್ಕ ಬ್ಯಾಟರಿಯೂ ಸಾಕಿತ್ತು. ಹಾಸನಕ್ಕೆ ತಿಂಗಳಿಗೆ ಎರಡು ಸಲ ಹೋಗುವುದಿದೆ. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ 60 ಕಿಲೋಮೀಟರಿಗೂ ಜಾಸ್ತಿ. ಹೋಗಿ ಬರಲು, ಆಲ್ದೂರು ಸೇರಿಸಿ, 170 ಹತ್ತಿರ. ಅದಕ್ಕೇ ದೊಡ್ಡದನ್ನು ತೆಗೆದುಕೊಂಡೆ.

ಟೆಸ್ಟ್ ಡ್ರೈವ್ ಕೊಡುವವರು ಪೇಟೆಯ ಐ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಮುಗಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಮುಳ್ಳಯ್ಯನಗಿರಿ ದಾರಿಯಲ್ಲಿರುವ ಕೈಮರದ ಕಡೆ ಏರು ಹತ್ತಿಸಿ ಅಂತ ಕೇಳಿ. ಹತ್ತುವಾಗ ಬ್ಯಾಟರಿ ಪರ್ಸೆಂಟ್ ಎಷ್ಟು ಇಳಿಯಿತು, ಇಳಿಯುವಾಗ ಎಷ್ಟು ವಾಪಸ್ ಬಂತು, ಎರಡನ್ನೂ ಬರೆದುಕೊಳ್ಳಿ.

ಏರಿನ ಲೆಕ್ಕ ತುಂಬಾ ಸರಳ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ತುದಿ 1,930ರ ಹತ್ತಿರ. ನಾಲ್ಕು ಜನ ಕೂತ ಒಂದೂವರೆ ಟನ್ ತೂಕದ ಕಾರನ್ನು 800 ಮೀಟರ್ ಮೇಲಕ್ಕೆ ಎತ್ತಲು ಮೂರು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಇದು ಎತ್ತುವುದಕ್ಕೆ ಮಾತ್ರ, ಓಡುವ ಖರ್ಚು ಬೇರೆ. 24 ಯೂನಿಟ್ ಬ್ಯಾಟರಿಯಲ್ಲಿ ಅದು ಎಂಟನೇ ಒಂದು ಪಾಲು. ಇಳಿಯುವಾಗ ಮೋಟರೇ ಜನರೇಟರ್ ಆಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ವಾಪಸ್ ಹಾಕುತ್ತದೆ. ಬ್ರೇಕ್ ಸವೆಯುವುದಿಲ್ಲ, ಸುಟ್ಟ ವಾಸನೆ ಬರುವುದಿಲ್ಲ. ಘಾಟಿ ಇಳಿಯುವವರಿಗೆ ಇದಕ್ಕಿಂತ ಸಮಾಧಾನ ಬೇರೆ ಇಲ್ಲ.

ಒಂದು ಎಚ್ಚರಿಕೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸ್ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಮೋಟರಿನ ಹಿಡಿತ ಕಡಿಮೆಯಾಗಿ ಕಾರು ಮಾಮೂಲಿ ಬ್ರೇಕಿನ ಮೇಲೇ ಇಳಿಯಬೇಕು. ಗುಡ್ಡದ ಮೇಲಿನ ಎಸ್ಟೇಟಿನಲ್ಲಿ ಮನೆ ಇರುವವರು ರಾತ್ರಿ 85 ಪರ್ಸೆಂಟಿಗೆ ಚಾರ್ಜಿಂಗ್ ನಿಲ್ಲಿಸಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಕಂಪನಿ ಹೇಳಿದಷ್ಟು ದಿನಕ್ಕೊಮ್ಮೆ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಮೀಟರ್ ತೋರಿಸುವ ಲೆಕ್ಕ ತಪ್ಪುತ್ತದೆ. ಆ ಪೂರ್ತಿ ಚಾರ್ಜನ್ನು ಮಾರನೇ ದಿನ ಇಳಿಜಾರು ಇಲ್ಲದಾಗ ಇಟ್ಟುಕೊಳ್ಳಿ.

ಚಾರ್ಜಿಂಗ್ ರಾತ್ರಿ ಹತ್ತರ ಮೇಲೆ ಶುರುವಾಗುವ ಹಾಗೆ ಟೈಮರ್ ಇಡಿ. ಕಾಫಿಗೆ ನೀರು ಹಾರಿಸುವ ಕಾಲದಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಬಿದ್ದು ವೋಲ್ಟೇಜ್ ಬೀಳುತ್ತದೆ. ದಿನದ 40 ಕಿಲೋಮೀಟರಿಗೆ ಬೇಕಾದದ್ದು ಎರಡೇ ಗಂಟೆಯ ಚಾರ್ಜ್. ಅವಸರ ಏನಿದೆ? ಬೆಂಗಳೂರಿಗೆ ಹೋಗುವಾಗ ಮಾತ್ರ ಹೆದ್ದಾರಿಯಲ್ಲಿ ಫಾಸ್ಟ್ ಚಾರ್ಜರ್ ಬೇಕಾಗುತ್ತದೆ. ಒಂದನ್ನೇ ನಂಬದೆ, ಹತ್ತಿರ ಹತ್ತಿರ ಇರುವ ಎರಡನ್ನು ಗುರುತು ಹಾಕಿಕೊಂಡು ಹೊರಡಿ. ಅಲ್ಲಿನ ದರ ಮನೆಯ ಕರೆಂಟಿಗಿಂತ ಮೂರು ನಾಲ್ಕು ಪಟ್ಟು ಇರುತ್ತದೆ.

ಸ್ಪೀಕರ್‌ಗಿಂತ ಮೊದಲು ಕೋಣೆ

ಈಗ ನನ್ನ ಮನಸ್ಸಿಗೆ ಹತ್ತಿರವಾದ ವಿಷಯ. ಹಾಡು ಕೇಳುವ ಕೋಣೆಯ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. 'ಟಪ್' ಅಂತ ಮುಗಿದರೆ ಒಳ್ಳೆಯ ಕೋಣೆ. 'ಟಪ್‌ಪ್ರ್‌ರ್' ಅಂತ ಲೋಹದ ಸದ್ದಿನ ಹಾಗೆ ಅದುರಿದರೆ, ಎಷ್ಟು ದುಬಾರಿ ಸ್ಪೀಕರ್ ತಂದರೂ ಹಾಡು ಕಲಸಿಹೋಗುತ್ತದೆ.

ಹಳೇ ಹೆಂಚಿನ ಮನೆಯವರು ಅದೃಷ್ಟವಂತರು. ಮರದ ಮುಚ್ಚಿಗೆ, ಉಬ್ಬುತಗ್ಗಿನ ಗೋಡೆ, ತೊಲೆಗಳು ಸದ್ದನ್ನು ಚದುರಿಸಿ ಮೆತ್ತಗೆ ಮಾಡುತ್ತವೆ. ಆರ್‌ಸಿಸಿ ತಾರಸಿ, ನೆಲಕ್ಕೆ ಹೊಳೆಯುವ ಟೈಲ್ಸ್ ಇರುವ ಹೊಸ ಮನೆಗಳಲ್ಲೇ ಕಷ್ಟ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಕಿಟಕಿಗೆ ದಪ್ಪ ಬಟ್ಟೆಯ ಪರದೆ ಇಳಿಬಿಡಿ. ಕೂರುವ ಜಾಗದ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇಡಿ. ಎಲ್ಲ ಸೇರಿ ಕೆಲವೇ ಸಾವಿರ ರೂಪಾಯಿ. ಲಕ್ಷ ರೂಪಾಯಿಯ ಸ್ಪೀಕರ್ ಬದಲಾವಣೆಗಿಂತ ದೊಡ್ಡ ವ್ಯತ್ಯಾಸ ಕೇಳಿಸುತ್ತದೆ.

ಸ್ಪೀಕರ್ ಇಡುವ ರೀತಿ ಹೀಗೆ. ಎರಡು ಸ್ಪೀಕರ್, ನಿಮ್ಮ ತಲೆ, ಈ ಮೂರೂ ಸಮ ತ್ರಿಕೋನದಲ್ಲಿ ಬರಲಿ. ನಡುವೆ ಎಂಟು ಅಡಿ ಇದ್ದರೆ ನೀವು ಕೂರುವುದೂ ಎಂಟು ಅಡಿ ದೂರದಲ್ಲಿ. ಚಿಕ್ಕ ಗುಮ್ಮಟದಂಥ ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಇರಲಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ತನ್ನಿ. ಶೋಕೇಸಿನೊಳಗೆ ತುರುಕಬೇಡಿ. ಆಮೇಲೆ ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕಿ. ಓದುವವರ ದನಿ ಮಡಕೆಯೊಳಗಿಂದ ಬಂದ ಹಾಗೆ ಗುಡುಗಿದರೆ ಸ್ಪೀಕರನ್ನು ಗೋಡೆಯಿಂದ ಇನ್ನೂ ಮುಂದಕ್ಕೆ ಸರಿಸಿ. ದನಿ ತೆಳ್ಳಗೆ ಕೇಳಿದರೆ ಸ್ವಲ್ಪ ಹಿಂದಕ್ಕೆ. ಎರಡು ಸ್ಪೀಕರಿನ ನಡುವೆ, ಏನೂ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ಕೂತು ಓದುತ್ತಿದ್ದಾನೆ ಅನ್ನಿಸುವವರೆಗೆ ಬೆರಳಗಲ ಬೆರಳಗಲ ಸರಿಸುತ್ತಾ ಹೋಗಿ. ಹಾಡಿನಲ್ಲಿ ಈ ತಪ್ಪು ಬೇಗ ಗೊತ್ತಾಗುವುದಿಲ್ಲ. ಮನುಷ್ಯರ ಮಾತಿನಲ್ಲಿ ತಕ್ಷಣ ಗೊತ್ತಾಗುತ್ತದೆ, ಯಾಕೆಂದರೆ ಮಾತು ನಾವು ದಿನವಿಡೀ ಕೇಳುವ ಸದ್ದು.

ನನ್ನ ಇಷ್ಟದ ಸಾಮಾನುಗಳು ಸರಳ. ಒಂದು ಜೊತೆ ವಾರ್ಫ್‌ಡೇಲ್ ಚಿಕ್ಕ ಸ್ಪೀಕರ್, ಒಂದು ಡೆನಾನ್ ಸ್ಟೀರಿಯೋ ಆಂಪ್ಲಿಫೈಯರ್. ವಾರ್ಫ್‌ಡೇಲ್ 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಶುರುವಾದ ಕಂಪನಿ. ಅದರ ಡೈಮಂಡ್ ಸಾಲಿನ ಚಿಕ್ಕ ಪೆಟ್ಟಿಗೆಗಳು ಮಾತು, ವೀಣೆ, ಕೊಳಲನ್ನು ಸಹಜವಾಗಿ ಕೇಳಿಸುತ್ತವೆ. ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಕೋಲ್ಕತ್ತಾದ ಸೋನೋಡೈನ್ ಇದೆ. ಯಮಹಾ, ಮರಾಂಟ್ಜ್ ಆಂಪ್ಲಿಫೈಯರ್‌ಗಳೂ ಮನೆಗೆ ಒಗ್ಗುವಂಥವು. ಐದು ಸ್ಪೀಕರಿನ ಹೋಂ ಥಿಯೇಟರ್‌ಗಿಂತ ಅದೇ ದುಡ್ಡಿನಲ್ಲಿ ಎರಡು ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಾಟ್ ನೋಡಿ ಮರುಳಾಗಬೇಡಿ. ಸಾಮಾನ್ಯ ಸ್ಪೀಕರ್ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಹತ್ತಿರ ಸದ್ದು ಕೊಡುತ್ತದೆ. ಮನೆಯೊಳಗೆ ಅದೇ ಜೋರು. ಅದಕ್ಕಿಂತ 3 ಡೆಸಿಬೆಲ್ ಏರಿಸಲು ಎರಡು ಪಟ್ಟು ವಾಟ್ ಬೇಕು. ಹಾಗಾಗಿ 50 ವಾಟಿಗೂ 100 ವಾಟಿಗೂ ಕಿವಿಗೆ ಕೇಳುವ ವ್ಯತ್ಯಾಸ ಬಹಳ ಸ್ವಲ್ಪ. ಯಕ್ಷಗಾನದ ಚಂಡೆಯ ಪೆಟ್ಟು ಬಿದ್ದಾಗ ಕ್ಷಣಮಾತ್ರ ಜಾಸ್ತಿ ಶಕ್ತಿ ಬೇಕು. ಅದಕ್ಕೆ 50 ಪ್ರಾಮಾಣಿಕ ವಾಟ್ ಸಾಕು.

ಸ್ಪೀಕರ್ ವೈರ್ ಶುದ್ಧ ತಾಮ್ರದ್ದಿರಲಿ, 16 ಅಥವಾ 14 ಗೇಜ್. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅಲ್ಲೇ ಗೊತ್ತಾಗುತ್ತದೆ.

'ಗುಂಯ್' ಸದ್ದು ಹುಡುಕುವುದು

ಕಾರು ಚಾರ್ಜಿಗೆ ಹಾಕಿದಾಗ ಸ್ಪೀಕರ್ ಗುಂಯ್‌ಗುಟ್ಟಿದರೆ ಕಾರಣ ಹೀಗಿರುತ್ತದೆ. ಚಾರ್ಜರಿನೊಳಗಿನ ಫಿಲ್ಟರ್ ಕೆಲವು ಮಿಲಿಆಂಪಿಯರ್ ಕರೆಂಟನ್ನು ಅರ್ಥ್ ತಂತಿಗೆ ಬಿಡುತ್ತದೆ. ಅರ್ಥ್ ಚೆನ್ನಾಗಿದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿದುಹೋಗುತ್ತದೆ. ಕೆಟ್ಟಿದ್ದರೆ ಮನೆಯ ಅರ್ಥ್ ತಂತಿಯಲ್ಲೆಲ್ಲ ಹರಡಿ, ಆಂಪ್ಲಿಫೈಯರಿಗೆ ಬಂದು, ಅಲ್ಲಿಂದ ಟಿವಿ ಕೇಬಲ್ ಹಿಡಿದು ಬೇರೆ ದಾರಿ ಹುಡುಕುತ್ತದೆ. ಆ ಓಡಾಟವೇ ಕಿವಿಗೆ ಕೇಳುವುದು. ಅರ್ಥಿಂಗ್ ಸರಿಯಾದ ದಿನವೇ ನಮ್ಮ ಮನೆಯ ಸದ್ದು ಮುಕ್ಕಾಲು ಪಾಲು ಹೋಯಿತು.

ಉಳಿದದ್ದನ್ನು ಹುಡುಕಲು ಆಂಪ್ಲಿಫೈಯರಿಗೆ ಬರುವ ಎಲ್ಲ ಸಿಗ್ನಲ್ ವೈರ್ ಕಿತ್ತುಬಿಡಿ, ಸ್ಪೀಕರ್ ಮಾತ್ರ ಇರಲಿ. ಈಗಲೂ ಸದ್ದು ಬಂದರೆ ತೊಂದರೆ ಆಂಪ್ಲಿಫೈಯರಿನೊಳಗೆ, ರಿಪೇರಿಯವರಿಗೆ ಕೊಡಿ. ಸದ್ದು ನಿಂತರೆ ಒಂದೊಂದೇ ವೈರ್ ವಾಪಸ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಗುಂಯ್ ಅನ್ನುತ್ತದೋ ಅದೇ ಕಳ್ಳ. ಹೆಚ್ಚಾಗಿ ಅದು ಟಿವಿಯಿಂದ ಬರುವ ವೈರ್ ಆಗಿರುತ್ತದೆ. ಟಿವಿಯಿಂದ ಆಪ್ಟಿಕಲ್ ವೈರ್ ಹಾಕಿದರೆ ಅದರೊಳಗೆ ಬೆಳಕು ಮಾತ್ರ ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಸದ್ದು ಅಲ್ಲಿಗೇ ನಿಲ್ಲುತ್ತದೆ. ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಕಡ್ಡಿ ಮುರಿದು ಸದ್ದು ನಿಲ್ಲಿಸುವುದು ಮಾತ್ರ ಬೇಡ. ಸದ್ದು ಹೋಗುತ್ತದೆ, ಅದರ ಜೊತೆ ಶಾಕ್ ತಡೆಯುವ ದಾರಿಯೂ ಹೋಗುತ್ತದೆ.

ಹಳೇ ಟ್ರಾನ್ಸಿಸ್ಟರಿನಲ್ಲಿ ಮೀಡಿಯಂ ವೇವ್ ಕೇಳುವವರು ಇನ್ನೂ ಇದ್ದಾರೆ, ನಮ್ಮ ತಾಯಿಯೂ ಅವರಲ್ಲಿ ಒಬ್ಬರು. ಕಾರು ಚಾರ್ಜ್ ಆಗುವಾಗ ಅದರಲ್ಲಿ ಕರಕರ ಬರುತ್ತದೆ. ಅದು ಚಾರ್ಜರಿನ ಎಲೆಕ್ಟ್ರಾನಿಕ್ಸ್‌ನಿಂದ ಗಾಳಿಯಲ್ಲಿ ಬರುವ ಸದ್ದು, ಅರ್ಥಿಂಗ್‌ನಿಂದ ಪೂರ್ತಿ ಹೋಗುವುದಿಲ್ಲ. ರೇಡಿಯೋವನ್ನು ಶೆಡ್ಡಿನಿಂದ ದೂರದ ಕೋಣೆಗೆ ಇಟ್ಟು, ಚಾರ್ಜಿಂಗ್ ಹೊತ್ತನ್ನು ಅಮ್ಮ ಮಲಗಿದ ಮೇಲಕ್ಕೆ ಬದಲಿಸಿದೆ. ಎಫ್‌ಎಂನಲ್ಲಿ ಈ ತೊಂದರೆ ಬಹಳ ಕಡಿಮೆ.

ಸಿಡಿಲು, ತೇವ, ಹಲ್ಲಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆ ಎಷ್ಟು ಟಿವಿ, ಮೋಡೆಮ್ ತಿಂದಿದೆಯೋ ಲೆಕ್ಕವಿಲ್ಲ. ನನ್ನ ಹಳೇ ಆಂಪ್ಲಿಫೈಯರ್ ಹೋದದ್ದೂ ಹಾಗೇ. ಕರೆಂಟಿನ ಪ್ಲಗ್ ತೆಗೆದಿದ್ದೆ, ಡಿಶ್ ವೈರ್ ಮರೆತಿದ್ದೆ. ಸಿಡಿಲು ಆ ದಾರಿಯಲ್ಲಿ ಬಂತು. ಮೇನ್ ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಕೆಲಸ ಮಾಡುವುದು ಅರ್ಥ್ ಚೆನ್ನಾಗಿದ್ದಾಗ ಮಾತ್ರ. ಆದರೂ ದೂರದಲ್ಲಿ ಗುಡುಗು ಕೇಳಿದ ಕೂಡಲೇ ಕಾರಿನ ಪ್ಲಗ್, ಆಂಪ್ಲಿಫೈಯರ್ ಪ್ಲಗ್, ಡಿಶ್ ವೈರ್, ಇಂಟರ್ನೆಟ್ ವೈರ್ ನಾಲ್ಕನ್ನೂ ತೆಗೆಯಿರಿ. ತಲೆಯ ಮೇಲೆ ಮಿಂಚುವಾಗ ತೆಗೆಯಲು ಹೋಗಬೇಡಿ.

ಮಳೆಗಾಲದ ತೇವಕ್ಕೆ ಬೂಷ್ಟು ಎಲ್ಲಕ್ಕೂ ಹಿಡಿಯುತ್ತದೆ. ಸ್ಪೀಕರ್ ಕೊಳ್ಳುವಾಗ ಕೋನಿನ ಸುತ್ತಲಿನ ಅಂಚು ರಬ್ಬರಿನದು ಇರಲಿ. ಫೋಮ್ ಅಂಚು ತೇವಕ್ಕೆ ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಆಂಪ್ಲಿಫೈಯರ್ ಓಡಿಸಿ, ಅದರ ಶಾಖವೇ ಒಳಗಿನ ತೇವ ಒಣಗಿಸುತ್ತದೆ. ವೈರಿನ ತುದಿ ಹಸಿರು ಕಿಲುಬು ಹಿಡಿದರೆ ಅಷ್ಟು ಕತ್ತರಿಸಿ ಹೊಸದಾಗಿ ಕಟ್ಟಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಪ್ಲಗ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಿಸಿ. ಬೆಚ್ಚಗಿರುವ ಕಡೆ ಹಲ್ಲಿ ಸೇರುತ್ತದೆ. ಆಂಪ್ಲಿಫೈಯರಿನ ಗಾಳಿ ಕಿಂಡಿಯನ್ನು ಬಟ್ಟೆಯಿಂದ ಮುಚ್ಚದೆ, ಅದನ್ನು ಇಡುವ ಕಪಾಟಿನ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಹಾಕಿ.

ಕಾರಿನ ಬ್ಯಾಟರಿಗೆ ಐಪಿ67 ಅಂತ ಬರೆದಿರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡಿದ್ದಾರೆ ಅಂತ ಅದರ ಅರ್ಥ. ಉಕ್ಕಿದ ಹಳ್ಳ ದಾಟಲು ಅದು ಪರವಾನಗಿ ಅಲ್ಲ. ನೀರು ಕಾರನ್ನೇ ಎತ್ತಿಕೊಂಡು ಹೋಗುತ್ತದೆ.

ಲೈನ್ ಹೋದ ರಾತ್ರಿ

ಆರಿದ್ರ ಮಳೆಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಮನೆಯ ಇನ್ವರ್ಟರ್ ದೀಪಕ್ಕೆ ಸಾಲುತ್ತದೆ. ಅದರಲ್ಲಿ ಕಾರು ಚಾರ್ಜ್ ಮಾಡುವ ಮಾತೇ ಇಲ್ಲ. ಆಂಪ್ಲಿಫೈಯರ್ ಓಡಿಸುವುದಾದರೆ ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಸ್ಕ್ವೇರ್ ವೇವ್ ಆದರೆ ಹಾಡಿಗಿಂತ ಗುಂಯ್ ಸದ್ದೇ ಜಾಸ್ತಿ.

ಕೆಲವು ಕಾರುಗಳಲ್ಲಿ ಬ್ಯಾಟರಿಯಿಂದ ಹೊರಗೆ 230 ವೋಲ್ಟ್ ಕೊಡುವ ವ್ಯವಸ್ಥೆ ಇದೆ. ವಿ-ಟು-ಎಲ್ ಅನ್ನುತ್ತಾರೆ. 2023ರಲ್ಲಿ ಬಂದ ಹೊಸ ನೆಕ್ಸಾನ್ ಇವಿಯಲ್ಲಿ ಇದು ಬಂತು. ಸ್ನೇಹಿತರೊಬ್ಬರ ಕಾರಿನಿಂದ ಕಳೆದ ಮಳೆಗಾಲದಲ್ಲಿ ನಾವು ಹಾಡು ಕೇಳಿದೆವು. ಆಂಪ್ಲಿಫೈಯರ್, ಎರಡು ಎಲ್‌ಇಡಿ ದೀಪ, ಒಂದು ಮೋಡೆಮ್ ಸೇರಿ 100 ವಾಟ್ ದಾಟುವುದಿಲ್ಲ. ಬ್ಯಾಟರಿಯಲ್ಲಿ 20 ಯೂನಿಟ್ ಇದ್ದರೆ ಲೆಕ್ಕಕ್ಕೆ 200 ಗಂಟೆ. ಕಾರು ಎಚ್ಚರವಾಗಿರಲು ತಾನೂ ಸ್ವಲ್ಪ ತಿನ್ನುತ್ತದೆ, ಆದರೂ ಎರಡು ರಾತ್ರಿಗೆ ಧಾರಾಳ. ಆಸ್ಪತ್ರೆಗೆ ಹೋಗಿ ಬರುವಷ್ಟು ಚಾರ್ಜ್ ಮೊದಲು ಎತ್ತಿಟ್ಟು, ಉಳಿದದ್ದನ್ನು ಬಳಸಿ.

ಇಲ್ಲಿ ಒಂದು ನಿಯಮ ಬಿಡಲೇಬಾರದು. ಕಾರಿನಿಂದ ಬಂದ ಕರೆಂಟನ್ನು ಎಕ್ಸ್‌ಟೆನ್ಷನ್ ವೈರಿನಲ್ಲಿ ನೇರ ಆಂಪ್ಲಿಫೈಯರಿಗೆ, ದೀಪಕ್ಕೆ ಕೊಡಿ. ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಹರಿಸಲು ಹೋಗಬೇಡಿ. ಆ ಕರೆಂಟು ಮೀಟರ್ ದಾಟಿ, ಸರ್ವಿಸ್ ವೈರ್ ಹಿಡಿದು ಟಿಸಿಗೆ ಹೋದರೆ ಅಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತಿ ನಿಮ್ಮ ಲೈನನ್ನೇ ಸರಿಮಾಡುತ್ತಿರುವ ಲೈನ್‌ಮನ್ ಜೀವ ಹೋಗುತ್ತದೆ.

ಕರೆಂಟ್ ವಾಪಸ್ ಬಂದಾಗ ಮೊದಲ ಹತ್ತು ನಿಮಿಷ ವೋಲ್ಟೇಜ್ ಹೊಯ್ದಾಡುತ್ತದೆ, ಎರಡು ಮೂರು ಸಲ ಹೋಗಿ ಬರುವುದೂ ಉಂಟು. ಒಂದು ಬಲ್ಬ್ ಮಾತ್ರ ಹಾಕಿ ಕಾಯಿರಿ. ಅದು ಹತ್ತು ನಿಮಿಷ ಮಿಣುಕದೆ ಉರಿದರೆ ಮೊದಲು ಫ್ರಿಜ್, ಆಮೇಲೆ ಆಂಪ್ಲಿಫೈಯರ್, ಕೊನೆಗೆ ಕಾರು.